ಹೀಟರ್ ಬಿಚ್ಚಿದ ದಿನ

ಅರುವತ್ತೆರಡರ ಡಿಸೆಂಬರಿನ ಒಂದು ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಪುತ್ತೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮತ್ತು ನಾನು ಇಬ್ಬರೇ. ನನ್ನ ಹಳೆಯ ವಿಲಾಯತಿ ಕಾರಿನಲ್ಲಿ, ಇಂಜಿನಿನ ಬಿಸಿನೀರು ಹರಿಸಿ ಒಳಗೆ ಬೆಚ್ಚಗಿಡುವ ಹೀಟರ್ ಸೋರುತ್ತಿತ್ತು. ನಮ್ಮ ಸೆಕೆಗೆ ಅದೇಕೆಂದು ಬಿಚ್ಚಿ ತೆಗೆಯಲು ಹೇಳಿದ್ದೆ.

ಯಾವ ಭಾಗವನ್ನಾದರೂ ಅವರು ಕಣ್ಣು ಮುಚ್ಚಿ ಸವರಿ, “ಕೈಗೆ ಗೊತ್ತಾಗ್ತದೆ ಮಾರಾಯ್ರೆ” ಎನ್ನುತ್ತಿದ್ದರು.

ಇಂಜಿನ್ ಆಗಷ್ಟೇ ನಿಂತಿತ್ತು. ಹೀಟರಿನ ಪೈಪು ಮುಟ್ಟಿ ನಾನು ಕೈ ಕೊಡವಿದೆ. ಅವರು ಅದನ್ನೇ ಹಿಡಿದು ತಿರುಚುತ್ತಿದ್ದರು.

“ಸುಡುದಿಲ್ವಾ ನಿಮಗೆ?”

“ತಣಿದುಂಟು ವಕೀಲ್ರೆ.”

ಅವರ ಅಂಗೈಯಲ್ಲಿ ಗುಳ್ಳೆ ಏಳುತ್ತಿತ್ತು. ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

“ಮಳೆಗಾಲದಿಂದ ಹೀಗೇ ಉಂಟು, ಮುಟ್ಟಿದ್ದು ಗೊತ್ತಾಗುದಿಲ್ಲ. ಕುಷ್ಠ ಅಂತ ಸುದ್ದಿಯಾದ್ರೆ ಇಲ್ಲಿಗೆ ಯಾರು ಬರ್ತಾರೆ?”

“ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೇನೆ.”

“ಮೊದಲು ಇದು ಮುಗೀಲಿ.”

ಕೈಗೆ ಬಟ್ಟೆ ಸುತ್ತಿಕೊಂಡು ಹೀಟರನ್ನು ಹೊರತೆಗೆದರು. ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಬಿಗಿದರು. ರೇಡಿಯೇಟರಿಗೆ ನೀರು ತುಂಬಿದರು. ಜೋಡಿಸಿದಲ್ಲಿ ಒದ್ದೆ ಉಂಟೋ ಎಂದು ಮುಟ್ಟಿ ನೋಡಲು ನನ್ನನ್ನು ಕರೆದರು. ಇರಲಿಲ್ಲ.