ಭಾವ ಉಸಿರಾಡಿದ ಕ್ಸೆನಾನ್

ಗುಜರಾತಿನ ಹಜೀರಾದಲ್ಲಿ ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಒದಗಿಸುವ ಘಟಕವೊಂದರಲ್ಲಿ ನಾನು ಎಂಜಿನಿಯರ್. ಗಾಳಿಯನ್ನು ದ್ರವವಾಗುವಷ್ಟು ತಣ್ಣಗಾಗಿಸಿ, ಅದರಿಂದ ಆಮ್ಲಜನಕ, ಸಾರಜನಕ, ಆರ್ಗಾನ್‌ಗಳನ್ನು ಬೇರ್ಪಡಿಸುವುದು ನಮ್ಮ ಕೆಲಸ. ಅಲ್ಲೇ ಸಮೀಪದ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುವ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಇದೊಂದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. "ನಾನು ಇಡ್ಲಿ ಮಾಡಿದ್ರೆ ಕಣ್ಣಿಗೆ ಕಾಣ್ತದೆ. ನೀನು ಮಾಡಿದ್ದು ಎಂತ ಉಂಟು, ತೋರಿಸು ಮಾರಾಯ," ಎಂದು ಗಿರಾಕಿಗಳ ಎದುರೇ ಕೇಳುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಸಾಂಬಾರಿನ ರುಚಿ ನೋಡುತ್ತಿದ್ದವರು, ತಲೆಗೆ ಯಾರೋ ಹೊಡೆದ ಹಾಗಾಯಿತು ಎನ್ನುತ್ತ ಅಕ್ಕಿ ಮೂಟೆಯ ಮೇಲೆ ಕುಳಿತರು. ಕುಳಿತಲ್ಲೇ ಎಚ್ಚರ ತಪ್ಪಿತು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಸ್ಕ್ಯಾನ್ ಮುಗಿದಿತ್ತು. ಮೆದುಳಿನ ರಕ್ತನಾಳದಲ್ಲಿದ್ದ ಉಬ್ಬೊಂದು ಒಡೆದು ಸುತ್ತಲೂ ರಕ್ತ ಹರಡಿತ್ತು. ಒಡೆದ ಜಾಗವನ್ನು ಮುಚ್ಚಲು ಒಪ್ಪಿಗೆ ಪಡೆದ ಮೇಲೆ, ಗುಜರಾತಿ ಡಾಕ್ಟರಮ್ಮ ಅಕ್ಕನ ಮುಂದೆ ಇನ್ನೊಂದು ಕಾಗದ ಇಟ್ಟರು.

ಅವರು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಸೋರಿಕೆ ನಿಂತರೂ ರಕ್ತ ತಾಗಿದ ಮೆದುಳಿಗೆ ಆಮೇಲೆ ಹಲವು ದಿನ ಹಾನಿಯಾಗುತ್ತ ಹೋಗಬಹುದು. ಉಸಿರಿನ ಯಂತ್ರದ ಮೂಲಕ ಒಂದು ದಿನವಿಡೀ ಕ್ಸೆನಾನ್ ಎಂಬ ಅನಿಲ ಕೊಟ್ಟರೆ ಅದು ಕಡಿಮೆಯಾದೀತೇ ಎಂದು ನೋಡುವ ಪ್ರಯೋಗ ಅಲ್ಲಿ ನಡೆಯುತ್ತಿತ್ತು. ಕೆಲವರಿಗೆ ಕೊಡುತ್ತಾರೆ, ಕೆಲವರಿಗೆ ಇಲ್ಲ. ಯಾರಿಗೆ ಎಂದು ಕಂಪ್ಯೂಟರೇ ಚೀಟಿ ಎತ್ತುತ್ತದೆ. ಗುಣವಾಗಿಯೇ ತೀರುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. "ನೀನು ಇಪ್ಪತ್ತು ವರ್ಷದಿಂದ ಇದೇ ಲೈನಲ್ಲಿ ಇದ್ದೀಯಲ್ಲ. ಒಳ್ಳೇದಾ ಅದು?"

ಇಂಥ ಪ್ರಶ್ನೆಗಾಗಿಯೇ ಕಾದಿದ್ದವನಂತೆ ನಾನು ಶುರುಮಾಡಿದೆ. ಕ್ಸೆನಾನ್ ಗಾಳಿಯಲ್ಲಿ ಎಷ್ಟು ಅಲ್ಪ, ಎಷ್ಟು ತಣ್ಣಗಾದರೆ ದ್ರವವಾಗುತ್ತದೆ, ಬೇರೆ ಯಾವುದರೊಂದಿಗೂ ಹೇಗೆ ಸುಲಭಕ್ಕೆ ರಾಸಾಯನಿಕವಾಗಿ ಕೂಡುವುದಿಲ್ಲ, ಎಲ್ಲವನ್ನೂ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅದು ಇವರ ತಲೆಗೆ ಎಂತ ಮಾಡ್ತದೆ ಅಂತ ನಾನು ಕೇಳಿದ್ದು."

"ಅದು ನಂಗೊತ್ತಿಲ್ಲ ಅಕ್ಕ."

ಅವಳು ನನ್ನನ್ನು ಬಿಟ್ಟು ಡಾಕ್ಟರಮ್ಮನನ್ನೇ ಕೇಳಿದಳು: "ನಾನು ಬೇಡ ಅಂದ್ರೆ ಇವರನ್ನು ನೋಡಿಕೊಳ್ಳೋದು ಕಡಿಮೆ ಮಾಡ್ತೀರಾ?" ಇಲ್ಲ ಎಂದರು ಅವರು. ಅಕ್ಕ ಸಹಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಚೀಟಿಯಲ್ಲಿ ಭಾವನ ಹೆಸರಿಗೆ ಕ್ಸೆನಾನ್ ಬಂತು.

ಐಸಿಯುನಲ್ಲಿ ಭಾವನ ಪಕ್ಕ ಸಿಲಿಂಡರ್ ನಿಂತಿತ್ತು. ಅವರು ಬಿಟ್ಟ ಉಸಿರು ಶುದ್ಧಿಯಾಗಿ ಮತ್ತೆ ಅವರಿಗೇ ಹೋಗುವಂತೆ ಕೊಳವೆ ಜೋಡಿಸಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಪ್ರತಿ ಜೋಡಣೆಯನ್ನೂ ಬಗ್ಗಿ ನೋಡಿದೆ. ಘಟಕದಲ್ಲಾದರೆ ಸೋರಿಕೆ ಹುಡುಕಲು ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುತ್ತಿದ್ದೆವು. ಇಲ್ಲಿ ಹಾಗೆ ಮಾಡುವುದಿಲ್ಲವೇ ಎಂದು ನರ್ಸನ್ನು ಕೇಳಿಯೂಬಿಟ್ಟೆ. "ಕಾಕಾ, ನೀವು ಇವರ ನೆಂಟರೋ, ಇನ್ಸ್‌ಪೆಕ್ಟರೋ?" ಎಂದು ಗುಜರಾತಿಯಲ್ಲಿ ಕೇಳಿ, ಹೊರಗಿನ ಕುರ್ಚಿ ತೋರಿಸಿದಳು. ಹೋಗಿ ಅಕ್ಕನ ಪಕ್ಕ ಕುಳಿತೆ.

ಭಾವನಿಗೆ ಐದನೆಯ ದಿನ ಪೂರ್ತಿ ಎಚ್ಚರವಾಯಿತು. ನರ್ಸ್ ಓಡಿ ಬಂದಳು. "ಕಣ್ಣು ಬಿಟ್ಟಿದ್ದಾರೆ, ಆದರೆ ಮಾತಿಗೆ ಅರ್ಥವೇ ಇಲ್ಲ. ಏನೇನೋ ಶಬ್ದ ಮಾಡುತ್ತಿದ್ದಾರೆ." ಡಾಕ್ಟರಮ್ಮನ ಮುಖ ಗಂಭೀರವಾಯಿತು. ನಾವೂ ಹೆದರುತ್ತಲೇ ಒಳಗೆ ಹೋದೆವು.

"ಯಾನ್ ಓಲುಲ್ಲೆ?" ಎಂದರು ಭಾವ.

ಅಕ್ಕ ಮಂಚದ ಕಂಬಿ ಹಿಡಿದು ನಗುತ್ತ, ಅಳುತ್ತ ನಿಂತಳು. ನಮ್ಮದು ಕನ್ನಡವಾದರೂ ಭಾವನ ಮನೆಮಾತು ತುಳು. ನಾನೆಲ್ಲಿದ್ದೇನೆ ಎಂದು ಸ್ಪಷ್ಟವಾಗಿಯೇ ಕೇಳುತ್ತಿದ್ದಾರೆಂದು ನಾನು ಡಾಕ್ಟರಮ್ಮನಿಗೆ ವಿವರಿಸಿದೆ. ಅವರು ನರ್ಸ್ ಚಾರ್ಟಿನಲ್ಲಿ 'ಅರ್ಥವಿಲ್ಲದ ಶಬ್ದ' ಎಂದು ಬರೆದಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ತುಳು' ಎಂದು ಬರೆದರು.

ಮೂರು ತಿಂಗಳ ನಂತರದ ತಪಾಸಣೆಗೆ ನಾನೇ ಕರೆದೊಯ್ದೆ. ಒಂದು ನಿಮಿಷದಲ್ಲಿ ಎಷ್ಟು ತಿನಿಸುಗಳ ಹೆಸರು ಹೇಳುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಭಾವ ಮಾಣಿಯ ರಾಗದಲ್ಲಿ ಹೋಟೆಲಿನ ಪಟ್ಟಿಯನ್ನೆಲ್ಲ ಒಪ್ಪಿಸಿ, ಊತಪ್ಪದ ಬಗೆಗಳನ್ನು ಹೇಳುತ್ತಿರುವಾಗ ಅವರೇ ಸಾಕೆಂದು ಕೈ ಎತ್ತಿದರು. ಬಲಗೈ ಬೆರಳುಗಳು ಸ್ವಲ್ಪ ನಿಧಾನ. ಸಾಂಬಾರಿನ ಸೌಟು ಎತ್ತಿದ ಆ ಬೆಳಿಗ್ಗೆ ನೆನಪಿಗೇ ಬರುವುದಿಲ್ಲ. ಉಳಿದದ್ದೆಲ್ಲ ನೆಟ್ಟಗಿತ್ತು. ಕ್ಸೆನಾನೇ ಕಾಪಾಡಿತೇ ಎಂದು ನಾನು ಕೇಳಿದೆ. "ಒಬ್ಬರನ್ನು ನೋಡಿ ಹೇಳಲಾಗದು," ಎಂದರು.

ಆಟೋದಲ್ಲಿ ಭಾವ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. ಆಮೇಲೆ, "ನನ್ನನ್ನು ಕೇಳಿದ್ರೆ ಆ ಕಣ್ಣಿಗೆ ಕಾಣದ ಗಾಳಿ ಬೇಡ ಅಂತಲೇ ಹೇಳ್ತಿದ್ದೆ," ಎಂದರು.

"ನಿಮ್ಮನ್ನು ಕೇಳುವ ಹಾಗಿರ್ಲಿಲ್ಲ ಭಾವ. ಅಕ್ಕನೇ ನಿರ್ಧಾರ ಮಾಡಿದ್ದು."

"ಒಳ್ಳೇದಾಯ್ತು," ಎಂದು ಅವರು ನನ್ನ ಮಂಡಿಯ ಮೇಲೆ ಕೈ ಇಟ್ಟರು. ಉಧ್ನಾ ಬರುವವರೆಗೂ ತೆಗೆಯಲಿಲ್ಲ.