ಸೀಟ್ ಬೆಲ್ಟ್ ಹಾಕಿಕೊಂಡ ಕೋವಿ

ಕಾರಿನ ಹಿಂದಿನ ಸೀಟಿನಲ್ಲಿ ಕೋವಿಯೊಂದು ಬೆಲ್ಟ್ ಹಾಕಿಕೊಂಡು ಆರಾಮವಾಗಿ ಒರಗಿತ್ತು. ಹೊದಿಸಿದ್ದ ಬಟ್ಟೆ ಜಾರಿ ನಳಿಗೆ ಹೊರಗೆ ಕಾಣುತ್ತಿತ್ತು. ಮಸ್ಕತ್ತಿನ ಅಲ್ ಅಜೈಬಾದ ಈ ಆಫೀಸಿನಲ್ಲಿ ಸುರಕ್ಷತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನನಗೆ ಎರಡೇ ತಿಂಗಳು. ನಿಲ್ಲಿಸಿದ ವಾಹನದಲ್ಲಿ ಆಯುಧ ಇಡಬಾರದು ಎಂಬ ಚೀಟಿಯನ್ನು ಪಾರ್ಕಿಂಗ್ ಗೋಡೆಗೆ ಅಂಟಿಸಿದವಳೂ ನಾನೇ. ಇಲ್ಲಿಗೆ ಯಾರಪ್ಪಾ ಕೋವಿ ತರುತ್ತಾರೆ ಎಂದು ಆಗ ನಕ್ಕಿದ್ದೆ.

ಕಾರು ನಮ್ಮ ಆಫೀಸಿನ ಸ್ಟೋರ್ ನೋಡಿಕೊಳ್ಳುವ ಒಮಾನಿ ಹುಡುಗ ಸಲೀಮನದು. ಬಂದ ಹೊಸದರಲ್ಲಿ ಮಾತಿಗೆ ಜನವಿಲ್ಲದೆ ಒಬ್ಬಳೇ ಕೂತಿರುತ್ತಿದ್ದ ನನಗೆ ದಿನಾ ಕಹ್ವಾ, ಅಂದರೆ ಏಲಕ್ಕಿ ಹಾಕಿದ ಕಾಫಿ, ತಂದುಕೊಟ್ಟವನು ಅವನು. ಸಾಕಾದರೆ ಲೋಟ ಅಲ್ಲಾಡಿಸಬೇಕು ಎಂದು ಹೇಳಿಕೊಡುವ ಮೊದಲು ಏಳು ಲೋಟ ಕುಡಿಸಿದ್ದ.

ಅವನನ್ನು ಕರೆದು ಕೋವಿ ತೋರಿಸಿದೆ. "ನಾಳೆ ತಮ್ಮನ ಮದುವೆ. ಕೆಲಸ ಮುಗಿಸಿ ಇಲ್ಲಿಂದಲೇ ಊರಿಗೆ ಹೋಗೋದು. ಗುಂಡು ಇಲ್ಲ ಸಿಸ್ಟರ್, ಮದುವೆಯಲ್ಲಿ ಹಿಡಿದು ಕುಣಿಯೋದಕ್ಕೆ ಮಾತ್ರ," ಎಂದ ಹಿಂದಿಯಲ್ಲಿ.

ನಾನು ಕಾರ್ಕಳದ ಬದಿಯವಳು. ಕಾಡುಹಂದಿ ಗದ್ದೆಗೆ ನುಗ್ಗದಂತೆ ಕಾಯಲು ಅಪ್ಪನ ಹತ್ತಿರವೂ ಲೈಸೆನ್ಸಿನ ಕೋವಿ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ತರುತ್ತಾರೆ. ಅದೇ ಗುಂಗಿನಲ್ಲಿ, "ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕ್ತೇನೆ, ರಶೀದಿ ಕೊಡ್ತೇನೆ," ಎಂದುಬಿಟ್ಟೆ.

ಕೇಳಿಸಿಕೊಂಡ ಮ್ಯಾನೇಜರ್ ಬದರ್ ಹೌಹಾರಿದರು. "ಮುಟ್ಟಬೇಡಮ್ಮ. ಲೈಸೆನ್ಸ್ ಯಾರದೋ ಅವರೇ ಬಂದು ಒಯ್ಯಬೇಕು. ಒಂದು ಗಂಟೆಯೊಳಗೆ ಬರದಿದ್ದರೆ ವರದಿ ಬರಿ."

ವರದಿ ಬರೆದರೆ ಸಲೀಮನ ಕೆಲಸ ಹೋದಂತೆಯೇ. ಲೈಸೆನ್ಸು ಅವನ ತಂದೆಯದು, ಅವರಿರುವುದು ಅರ್ಧ ಗಂಟೆ ದಾರಿಯ ಸೀಬ್ ಎಂಬ ಊರಿನಲ್ಲಿ. ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ, ನನ್ನ ರಶೀದಿಯ ಕಥೆಯನ್ನೂ ಬಿಡಲಿಲ್ಲ. ಬಿಸಿಲಿನಲ್ಲಿ ಇಬ್ಬರೂ ಕಾರಿಗೆ ಕಾವಲು ನಿಂತೆವು. ನಾನು ಗಡಿಯಾರ ನೋಡಿದಾಗಲೆಲ್ಲ ಅವನು ನನ್ನ ಮುಖ ನೋಡುತ್ತಿದ್ದ.

ಕೊಟ್ಟ ಗಂಟೆ ಮುಗಿಯಲು ಆರು ನಿಮಿಷ ಬಾಕಿಯಿದ್ದಾಗ ತಂದೆ ಬಂದರು. ಮಗನನ್ನು ಮಾತಾಡಿಸದೆ ಮೊದಲು ಕೋವಿ ತೆಗೆದು, ಒಳಗೆ ಖಾಲಿಯಿದೆ ಎಂದು ನನಗೆ ತೋರಿಸಿ, ತಾವು ತಂದಿದ್ದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಸಲೀಮನಿಗೆ ಅರಬಿಯಲ್ಲಿ ಮಂಗಳಾರತಿಯಾಯಿತು.

"ಖಲಾಸ್, ಮುಗಿಯಿತು," ಎಂದು ನನ್ನತ್ತ ತಿರುಗಿದರು. ಉಳಿದದ್ದನ್ನು ಸಲೀಮ ಹಿಂದಿಯಲ್ಲಿ ಹೇಳಿದ. "ಮಗಳೇ, ಎಲ್ಲಿ ನಿನ್ನ ರಶೀದಿ?"

ಕನ್ನಡದಲ್ಲೇ ಬರೆದುಕೊಟ್ಟೆ. ಮಡಚಿ ಮುಂಡಾಸಿಗೆ ಸಿಕ್ಕಿಸಿಕೊಂಡು, ಮದುವೆಗೆ ಬರಲೇಬೇಕು ಎಂದು ಹೇಳಿ ಹೋದರು. ನನಗೂ ಕುಣಿಯುವಷ್ಟು ಖುಷಿಯಾಗಿತ್ತು.

ಮರುದಿನ ಮದುವೆಮನೆಯಲ್ಲಿ ಗಂಡಸರು ಡೋಲಿನ ಬಡಿತಕ್ಕೆ ಸರಿಯಾಗಿ ಕೋವಿಗಳನ್ನು ಎಸೆದು ಹಿಡಿದು ಕುಣಿದರು. ತಡೆಯಲಾರದೆ ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ. ಸಲೀಮನ ತಂದೆ ಹತ್ತಿರ ಬಂದು ತಮ್ಮ ಕೋವಿಯನ್ನು ಫೋನಿನೆದುರು ಹಿಡಿದರು.

"ಕೋವಿಯ ಹಿಡಿ ಯಾವ ಮರದ್ದು, ಕೇಳು ಮಾರಾಯ್ತಿ," ಎಂದರು ಅಪ್ಪ.

ಕೇಳುವಷ್ಟರಲ್ಲಿ ಇಬ್ಬರಿಗೂ ನಾನು ಬೇಡವಾಗಿದ್ದೆ. ಒಬ್ಬರು ಅರಬಿಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಮಾತಿಗಿಳಿದಿದ್ದರು. ನನಗೆ ಅಪ್ಪನ ಪಕ್ಕ ಹೋಗಿ ಕೂರುವ ಆಸೆ, ಈ ಅಂಗಳ ಬಿಟ್ಟು ಏಳಲೂ ಮನಸ್ಸಿಲ್ಲ.

"ನೀನು ಸ್ವಲ್ಪ ಆಚೆ ಸರಿ ಮಗಾ, ಅವರು ಕಾಣ್ತಾ ಇಲ್ಲ," ಎಂದರು ಅಪ್ಪ.

ಸರಿದು, ತೋಳು ಚಾಚಿ ಫೋನು ಹಿಡಿದು ನಿಂತೆ.