ಹಡಗಿನ ಚಿತ್ರಗಾರ ಬರೆದ ಕೂಸು

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಬಾಯಿ ತೆಗೆದರೆ ನಾನು ನಕ್ಕುಬಿಡುತ್ತಿದ್ದೆ. ಲಂಡನ್ನಿನ ಹ್ಯಾರೋದಲ್ಲಿರುವ ಗೆಳತಿಯರು ನನ್ನ ಮುಂದೆ ಇಂಥ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಈಗ ನಾನೇ ಹೇಳಲು ಕೂತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ.

ಹಳೆಯ ಚಿತ್ರಗಳನ್ನು ತೊಳೆದು ದುರಸ್ತಿ ಮಾಡುವುದು ನನ್ನ ಕೆಲಸ. ಕ್ಯಾನರಿ ವಾರ್ಫ್ ಹತ್ತಿರ ಸಣ್ಣ ಸ್ಟುಡಿಯೋ. ಕೆಲವು ವರ್ಷಗಳ ಹಿಂದೆ ಫ್ರೆಂಚರ ಸಮುದ್ರಯಾನದ ಅಚ್ಚುಚಿತ್ರಗಳ ಒಂದು ಕಟ್ಟು ಬಂದಿತ್ತು. ಹಿಂದೆ ಅವರು ದೂರದ ದ್ವೀಪಗಳ ಶೋಧನೆಗೆ ಹೊರಟಾಗ ವಿಜ್ಞಾನಿಗಳ ಜೊತೆ ಚಿತ್ರಗಾರರನ್ನೂ ಹಡಗು ಹತ್ತಿಸುತ್ತಿದ್ದರು. ಮೀನು, ಹಕ್ಕಿ, ದಡದ ಜನ, ಏನೇ ಇರಲಿ, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ತಮ್ಮದೊಂದು ಗೆರೆ ಸೇರಿಸಬಾರದು. ಆ ದಿನ ನನ್ನ ಕೈಗೆ ಬಂದದ್ದು, ದಕ್ಷಿಣ ಸಮುದ್ರದ ಯಾವುದೋ ದಡದಲ್ಲಿ ಕೂಸನ್ನು ಎತ್ತಿಕೊಂಡು ಕೂತ ಹೆಂಗಸಿನ ಚಿತ್ರ. ವಾಡಿಕೆಯಂತೆ ಮೊದಲು ಫೋಟೋ ತೆಗೆದು, ತೊಳೆಯಲು ಅಗಲವಾದ ತಟ್ಟೆಯ ನೀರಿಗೆ ಇಳಿಸಿದೆ.

ಅಷ್ಟರಲ್ಲಿ ಊರಿನ ಇನ್ನೊಂದು ತುದಿಯ ಹೌನ್ಸ್ಲೋದಿಂದ ತಂಗಿಯ ಗಂಡನ ಫೋನ್. “ಅಕ್ಕಾರ, ಆಕಿ ನಿಮ್ಮ ಕಡೆ ಬಂದಾಳೇನ್ರಿ? ಫೋನ್ ಮನ್ಯಾಗ ಬಿಟ್ಟು ಹೋಗ್ಯಾಳ್ರಿ.”

ನನ್ನ ಕಡೆ ಬಂದಿರಲಿಲ್ಲ. ತಂಗಿಯ ಚೊಚ್ಚಲ ಕೂಸು ಹಿಂದಿನ ವಾರವಷ್ಟೇ ಹೊಟ್ಟೆಯಲ್ಲೇ ತೀರಿಹೋಗಿತ್ತು. ನರ್ಸು ತಂದು ತೋರಿಸುತ್ತೇನೆಂದರೂ, ಹಾಗೆ ಹೋದ ಕೂಸಿನ ಮುಖ ತಾಯಿ ನೋಡಬಾರದೆಂದು ಧಾರವಾಡದಿಂದ ಅವ್ವ ಫೋನಿನಲ್ಲೇ ಹಟ ಹಿಡಿದಿದ್ದಳು. ತಂಗಿ ಅದನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಆಮೇಲೆ ಊಟ ಬಿಟ್ಟಳು, ಮಾತು ಬಿಟ್ಟಳು.

ಪೊಲೀಸರಿಗೆ ತಿಳಿಸಲು ಹೇಳಿ ಹೊರಟವಳು, ಕಾಗದ ನೀರಲ್ಲೇ ಹಾಳಾದೀತೆಂದು ತೆಗೆದಿಡಲು ತಟ್ಟೆಯತ್ತ ಬಗ್ಗಿದೆ. ಚಿತ್ರದಲ್ಲಿ ಕೂಸು ಇರಲಿಲ್ಲ. ಹೆಂಗಸಿನ ತೋಳುಗಳು ಮಡಚಿದಂತೆಯೇ ಇದ್ದವು, ನಡುವೆ ಬರೀ ಕಾಗದ. ಮೇಲೆ ಬಳಿದ ಬಣ್ಣವಾದರೆ ನೀರಿಗೆ ಬಿಟ್ಟೀತು. ಅಚ್ಚಿನ ಗೆರೆ ಎಣ್ಣೆಮಸಿಯದು, ಬಿಡುವುದಿಲ್ಲ. ಫೋಟೋದಲ್ಲಿ ಕೂಸು ಇದ್ದೇ ಇತ್ತು. ಆಮೇಲೆ ಸ್ಟುಡಿಯೋದ ಯಜಮಾನರು ಭೂತಗನ್ನಡಿ ಹಿಡಿದು ನೋಡಿದರೂ ಕೆರೆದ ಗುರುತು ಸಿಗಲಿಲ್ಲ.

ಆ ಕ್ಷಣ ನನಗೆ ಹೊಳೆದದ್ದು ನೀರು ಒಂದೇ. ನನ್ನನ್ನು ನೋಡಲು ಬಂದಾಗಲೆಲ್ಲ ತಂಗಿ ಪಕ್ಕದ ಹಳೆಯ ಹಡಗುಕಟ್ಟೆಯಲ್ಲಿ ಕೂರುತ್ತಿದ್ದಳು. ದೇವರೇ, ದೇವರೇ ಎನ್ನುತ್ತ ಅತ್ತ ಓಡಿದೆ. ದೇವರನ್ನು ಕರೆದು ಅದೆಷ್ಟು ವರ್ಷವಾಗಿತ್ತೋ.

ನೀರಿಗಿಳಿಯುವ ಮೆಟ್ಟಿಲುಗಳ ಕೊನೆಯಲ್ಲಿ ಅವಳು ಕೂತಿದ್ದಳು. ಚಪ್ಪಲಿ ನೆನೆದಿತ್ತು. ತೋಳು ಮಡಚಿ ಎದೆಗೆ ಒತ್ತಿಕೊಂಡಿದ್ದಳು. ತೋಳಲ್ಲಿ ಏನೂ ಇರಲಿಲ್ಲ.

“ಅಕ್ಕಾ, ಸಾವಕಾಶ ಬಾ. ಈಗಷ್ಟ ಮಲಗೇತಿ,” ಎಂದಳು.

ಹಿಡಿದೆಳೆದರೆ ಎಲ್ಲಿ ಜಾರಿಬಿಡುತ್ತಾಳೋ ಎಂದು ಹೆದರಿ ಪಕ್ಕದಲ್ಲಿ ಕೂತೆ. “ಕೊಡವ್ವಾ, ಒಂದೀಟ ನಾ ಎತ್ಕೋತೀನಿ. ನೀ ಮ್ಯಾಲ ನಡಿ.”

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಜೋಪಾನವಾಗಿ ಬಗ್ಗಿ ಕೊಟ್ಟಳು. ಎದ್ದು ಮೆಟ್ಟಿಲು ಹತ್ತಿದಳು. ತಂಗಿ ನಮಗೆ ಉಳಿದಳು.

ಚಿತ್ರದ ವಿಷಯಕ್ಕೆ ಎಂದಾದರೂ ಯಾರಾದರೂ ಕಾರಣ ಹೇಳಿಯಾರು. ಆದರೆ ಬರೀ ಸಮಾಧಾನಕ್ಕೆಂದು ನಾನು ಒಡ್ಡಿದ ತೋಳುಗಳು ಭಾರಕ್ಕೆ ತಗ್ಗಿದ್ದನ್ನು ಯಾರಿಗೆ ಹೇಳಲಿ? ಅದು ಬೆಚ್ಚಗಿತ್ತು. ಮೆಟ್ಟಿಲು ಹತ್ತಿ ಮುಗಿಯುವವರೆಗೂ ನಾನು ಅದರ ತಲೆಗೆ ಕೈ ಆನಿಸಿ ಹಿಡಿದಿದ್ದೆ.